ಕದ ಕೀಸುವ ಮುಂಚೆ ಚೌಕಟ್ಟು ನೋಡಿ

ಪ್ರಶ್ನೆ: ಒಳಕೋಣೆಗೆ ಎರಡು ಕದದ ಬಾಗಿಲು ಹಾಕಿಸಿದ್ದೇವೆ. ಮುಚ್ಚಿದಾಗ ಕದಗಳು ಮಧ್ಯದಲ್ಲಿ, ಮೇಲ್ಗಡೆ ಒಂದಕ್ಕೊಂದು ಉಜ್ಜುತ್ತವೆ. ಕೆಳಗೆ ಬೆರಳು ತೂರುವಷ್ಟು ಸಂದು. ಕೀಸಿದರೆ ಸರಿಹೋಗುತ್ತಾ?

ಕೀಸಬೇಡಿ! ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಕೀಸುಳಿ ಆಗಲೇ ಕೈಯಲ್ಲಿರುತ್ತದೆ. ತೆಗೆದ ಮರ ವಾಪಸ್ ಬರಲ್ಲ.

ಮೊದಲು ಮೇಲಿನ ಹಿಂಜ್‌ಗಳ ಸ್ಕ್ರೂ ನೋಡಿ. ಸಡಿಲವಾಗಿದ್ದರೆ ಕದ ಮಧ್ಯಕ್ಕೆ ಜೋಲುತ್ತದೆ, ನೀವು ಹೇಳಿದ ಹಾಗೇ ಮೇಲೆ ತಾಗುತ್ತದೆ. ತೂತು ಸವೆದಿದ್ದರೆ ಅಂಟು ಹಚ್ಚಿದ ಮರದ ಕಡ್ಡಿ ತುಂಬಿ, ಒಣಗಿದ ಮೇಲೆ ಉದ್ದದ ಸ್ಕ್ರೂ ಹಾಕಿ. ಆಮೇಲೂ ಕೆಳಗೆ ಸಂದು ಉಳಿದರೆ ಕೆಳಗಿನ ಹಿಂಜಿನ ಹಿಂದೆ ತೆಳು ರಟ್ಟು ಇಡಿ. ಕದದ ಕೆಳಭಾಗ ಮಧ್ಯಕ್ಕೆ ಸರಿದು ಬರುತ್ತದೆ.

ಸ್ಕ್ರೂ ಬಿಗಿಯಾಗಿದ್ದರೆ ತಪ್ಪು ಚೌಕಟ್ಟಿನದು. ತೂಕದ ಗುಂಡು ಇಳಿಬಿಟ್ಟು ಎರಡೂ ಕಂಬ ನೆಟ್ಟಗಿವೆಯಾ ನೋಡಿ. ಕದಗಳು ಒಂದು ಮುಂದೆ, ಒಂದು ಹಿಂದೆ ನಿಂತರೆ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡು ದಾರ ಅಡ್ಡಡ್ಡ ಎಳೆದು ಕಟ್ಟಿ. ನಡುವೆ ದಾರಗಳು ಸುಮ್ನೆ ಸೋಕಬೇಕು. ಅಲ್ಲಿ 3 ಮಿ.ಮೀ. ಎಡೆ ಇದ್ದರೆ ಕದಗಳ ಅಂಚಿನಲ್ಲಿ ಅದು 6 ಮಿ.ಮೀ. ಆಗಿ ಕಾಣುತ್ತದೆ. ಇಂಥ ತಿರುಚನ್ನು ಯಾವ ಕೀಸುಳಿಯೂ ಸರಿ ಮಾಡಲ್ಲ, ಕಂಬವನ್ನೇ ಸರಿಸಬೇಕು. "ನಾಲ್ಕು ದಿನ ಬಳಸಿ, ತಾನೇ ಕೂರುತ್ತೆ" ಎನ್ನುವವರನ್ನು ನಂಬಲೇಬೇಡಿ. ಕೂರುವುದಿಲ್ಲ, ಬಣ್ಣ ಕಿತ್ತುಬರುತ್ತದೆ ಅಷ್ಟೇ.

ಹೊಸದಾಗಿ ಕೂರಿಸುವವರಿಗೆ ಅಳತೆ ಹೇಳಿಬಿಡುತ್ತೇನೆ. ಎರಡೂ ಬದಿ, ಮೇಲೆ, ಮಧ್ಯೆ ತಲಾ 3 ಮಿ.ಮೀ. ಸಂದು. ಅಂದರೆ ಚೌಕಟ್ಟಿನ ಒಳ ಅಗಲ 1200 ಮಿ.ಮೀ. ಇದ್ದರೆ 9 ಕಳೆದು 1191. ಒಂದೊಂದು ಕದ 595.5. ಮಧ್ಯದ ಅಂಚು ಒಂದರ ಮೇಲೊಂದು 12 ಮಿ.ಮೀ. ಕೂರುವ ಹಾಗಿದ್ದರೆ ಆ 12 ಅನ್ನು ಒಟ್ಟು ಅಗಲಕ್ಕೆ ಸೇರಿಸಿ. ಇಲ್ಲೇ ಜಾಸ್ತಿ ಜನ ಎಡವುವುದು. ಕೆಳಗೆ 6ರಿಂದ 10 ಮಿ.ಮೀ., ಅದೂ ನೆಲಹಾಸು ಪೂರ್ತಿ ಮುಗಿದ ಮೇಲೆ ಅಳೆದದ್ದು. ಕದ ತೆರೆದುಕೊಳ್ಳುವ ದಾರಿಯಲ್ಲಿ ನೆಲ ಎಲ್ಲಿ ಎತ್ತರವೋ ಅಲ್ಲಿಂದಲೇ ಅಳೆಯಿರಿ.

ಒಂದೊಂದು ಹಿಂಜಿಗೆ ಮೊದಲು ಒಂದೇ ಸ್ಕ್ರೂ ಹಾಕಿ. ಎರಡೂ ಕದ ಮುಚ್ಚಿ, ಸಂದುಗಳಲ್ಲಿ 3 ಮಿ.ಮೀ. ಪ್ಲೈವುಡ್ ಚೂರು ತೂರಿಸಿ ನೋಡಿ, ಆಮೇಲೆ ಉಳಿದ ಸ್ಕ್ರೂ. ಕದದ ಮುಚ್ಚುವ ಅಂಚನ್ನು ಮಾತ್ರ ತುಸು ಓರೆ ಕೀಸಬಹುದು, 2ರಿಂದ 3 ಡಿಗ್ರಿ, ಹಿಂಜಿನ ಗುಬುಟು (ಕಡ್ಡಿ ಕೂರುವ ಉರುಟು ಭಾಗ) ಇರುವ ಮುಖದ ಹಿಂಬದಿಗೆ. ತಿರುಗುವಾಗ ಆ ಮೂಲೆಯೇ ಮೊದಲು ತಾಗುವುದು.

ಪ್ರಶ್ನೆ: ಒಂದು ಕದಕ್ಕೆ ಎರಡು ಹಿಂಜ್ ಸಾಕಾ?

ಮೂರು ಹಾಕಿ. ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ಮಳೆ ಶುರುವಾದಾಗಿನಿಂದ ಬಾಗಿಲು ಬಿಗಿಯಾಗಿದೆ. ಸ್ವಲ್ಪ ಕೀಸಲೇ?

ಒಣ ಹವೆ ಬರುವ ತನಕ ಕಾಯಿರಿ. ಮರ ತೇವ ಹೀರಿ ಅಗಲಕ್ಕೆ ಉಬ್ಬಿದೆ, ಮತ್ತೆ ಇಳಿಯುತ್ತದೆ. ಅಷ್ಟರಲ್ಲಿ ಕನ್ನಡಿಯೊಂದನ್ನು ಕದದ ಕೆಳಗೆ ಹಿಡಿದು ನೋಡಿ. ಕೆಳ ಅಂಚಿಗೆ ಬಣ್ಣವೇ ಬಿದ್ದಿರುವುದಿಲ್ಲ, ಅಲ್ವಾ? ಒಣಗಿದ ಮೇಲೆ ಕದ ಬಿಚ್ಚಿ, ಮೇಲಂಚಿಗೂ ಕೆಳಂಚಿಗೂ ಎರಡು ಕೈ ಬಳಿಯಿರಿ.