ಕೋಲ್ಕತ್ತದಲ್ಲಿ ಸರಸ್ವತಿ ಪೂಜೆಯಂದೇ ಮಗನಿಗೆ ಅಕ್ಷರಾಭ್ಯಾಸ ಮಾಡಿಸಬಹುದೇ? ಮೊದಲ ಅಕ್ಷರ ಬಂಗಾಳಿಯಾಗುತ್ತದಲ್ಲ?

ಮಾಡಿಸಿ. ಭಾಷೆಯ ಚಿಂತೆ ಬಿಡಿ, ಹೊತ್ತಿನ ಚಿಂತೆ ಮಾಡಿ. ನಾನು ಎಡವಿದ್ದು ಅಲ್ಲೇ.

2023ರಲ್ಲಿ ನಾವೂ ಕೋಲ್ಕತ್ತಕ್ಕೆ ಹೊಸಬರು. ಮಗಳಿಗೆ ನಾಲ್ಕು ವರ್ಷ. ಪಕ್ಕದ ಮನೆಯ ಮಾಶಿಮಾ (ಬಂಗಾಳಿಯಲ್ಲಿ ಚಿಕ್ಕಮ್ಮ-ದೊಡ್ಡಮ್ಮ ಅಂದ ಹಾಗೆ) "ಹಾತೇಖೊಡಿ ಮಾಡಿಸೋಣ, ಕರ್ಕೊಂಡು ಬಾ" ಅಂದಿದ್ದರು. ಹಾತೇಖೊಡಿ ಅಂದರೆ ಕೈಗೆ ಬಳಪ ಹಿಡಿಸುವುದು, ನಮ್ಮ ಅಕ್ಷರಾಭ್ಯಾಸವೇ. ನವರಾತ್ರಿಯಲ್ಲಿ ಪುಸ್ತಕ ಪೂಜೆಗಿಟ್ಟು ಬೆಳೆದವಳು ನಾನು, ಸರಸ್ವತಿ ಪೂಜೆ ನನಗೆ ಗೊತ್ತಿಲ್ಲದ್ದೇನಲ್ಲ ಅಂದುಕೊಂಡೆ. ಕ್ಯಾಲೆಂಡರಿನಲ್ಲಿ ಜನವರಿ 26 ಅಂತಿತ್ತು, ರಜೆ ಬೇರೆ. ನಮ್ಮಲ್ಲಿ ಮಹಾಮಂಗಳಾರತಿ ಹೊತ್ತಿಗೆ ಹೋದರೂ ನಡೆಯುತ್ತದೆ. ಮಗಳಿಗೆ ದೋಸೆ ತಿನ್ನಿಸಿ, ಹಳದಿ ಲಂಗ ಹಾಕಿ, ಹನ್ನೊಂದಕ್ಕೆ ಹೋದೆ. ಅಲ್ಲಿ ಪೂಜೆ ನಡೆಯುವುದು ಮಾಘ ಶುದ್ಧ ಪಂಚಮಿಯಂದು, ಆ ವರ್ಷ ಪಂಚಮಿ ತಿಥಿ ಹತ್ತೂವರೆ ಹೊತ್ತಿಗೇ ಮುಗಿದಿತ್ತು. ಪುರೋಹಿತರು ಅಂಜಲಿ, ಅಂದರೆ ಎಲ್ಲರಿಂದ ಮಂತ್ರ ಹೇಳಿಸಿ ದೇವಿಗೆ ಹೂ ಅರ್ಪಿಸುವುದನ್ನು, ಮುಗಿಸಿ ಇನ್ನೊಂದು ಮನೆಗೆ ಹೊರಟುಹೋಗಿದ್ದರು. ಆ ದಿನ ಅವರಿಗೆ ಹತ್ತಾರು ಕಡೆ ಪೂಜೆ. ಎಷ್ಟು ಗಂಟೆಗೆ ಬರಲಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಂಜಲಿ ಆಗುವವರೆಗೆ ಉಪವಾಸ ಇರುತ್ತಾರೆ ಅನ್ನುವುದೂ ಆಗಲೇ ತಿಳಿಯುತ್ತಿತ್ತು. ಕೇಳಲಿಲ್ಲ, ಎಲ್ಲ ಗೊತ್ತು ಅಂದುಕೊಂಡಿದ್ದೆನಲ್ಲ. ಮಗಳು ಹೊಸ ಸ್ಲೇಟನ್ನು ಎದೆಗವಚಿಕೊಂಡು ಮೂರ್ತಿಯ ಮುಂದೆ ನಿಂತೇ ಇದ್ದಳು. ಮಾಶಿಮಾ ಖಿಚುಡಿ, ಲಾಬ್ಡಾ ಅನ್ನುವ ಬೆರಕೆ ತರಕಾರಿ ಪಲ್ಯ, ಬೋರೆಹಣ್ಣಿನ ಚಟ್ನಿ ಬಡಿಸಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ಪೂಜೆ ಬರುವಷ್ಟರಲ್ಲಿ ಅವಳು ಶಾಲೆಯಲ್ಲಿ ಬರೆಯಲು ಕಲಿತಾಗಿತ್ತು.

2024ರ ಫೆಬ್ರವರಿ 14, ಮಗನ ಸರದಿ. ಹಿಂದಿನ ದಿನವೇ ಹೊತ್ತು ಕೇಳಿಕೊಂಡು ಏಳು ಗಂಟೆಗೆಲ್ಲ ಅಲ್ಲಿದ್ದೆ. ದೇವಿಯ ಪಾದದ ಬಳಿ ಮಕ್ಕಳ ಗಣಿತದ ಪುಸ್ತಕಗಳ ರಾಶಿ, ಮುತ್ತುಗದ ಹೂ, ಮಣ್ಣಿನ ದೌತಿಯಲ್ಲಿ ಮಸಿಯ ಬದಲು ಹಾಲು, ಅದರಲ್ಲೊಂದು ಜೊಂಡಿನ ಲೇಖನಿ. ಪುರೋಹಿತರು ಮಗನ ಕೈ ಹಿಡಿದು ಬಂಗಾಳಿ 'ಅ' ಬರೆಸಿದರು. ಕೆಳಗೆ ಕನ್ನಡದ್ದೂ ಬರೆಸಲೇ ಅಂದೆ. ಅವರೇ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಒಂದೇ ಸ್ಲೇಟಿನ ಮೇಲೆ ಎರಡು 'ಅ'.

ಹಾಗಾಗಿ ಇದೋ ಅದೋ ಅಂತ ತೂಗುವುದೇ ಬೇಡ. ವಿಜಯದಶಮಿಗೆ ಊರಿಗೆ ಹೋದಾಗ ಅಕ್ಕಿಯಲ್ಲೂ ಬರೆಸಿ. ಮಗ ಚಿಕ್ಕವನು, ಹಸಿವಾದರೆ ಹಾಲು ಕೊಡಿ, ಯಾರೂ ಏನೂ ಅನ್ನುವುದಿಲ್ಲ. ಬೋರೆಹಣ್ಣು ಮಾತ್ರ ಪೂಜೆಗೆ ಮೊದಲು ಬೇಡ, ಅಲ್ಲಿನ ಮಕ್ಕಳು ದೇವಿಗೆ ಅರ್ಪಿಸಿದ ಮೇಲೇ ತಿನ್ನುವುದು. ಮತ್ತೆ ಇವತ್ತು ಸಂಜೆಯೇ ಪಕ್ಕದ ಮನೆಗೆ ಹೋಗಿ, ಅಂಜಲಿ ಎಷ್ಟು ಗಂಟೆಗೆ ಅಂತ ಕೇಳಿಕೊಂಡು ಬನ್ನಿ.