ಸಂಪಾದಕರ ಉತ್ತರ: ಗೆಲ್ಲೋದೇ ಇಲ್ಲದ ಆಟಕ್ಕೆ ಎರಡು ಪುಟ ಯಾಕೆ?

ಡೊಂಬಿವಲಿ ಪೂರ್ವದ ನಮ್ಮ ಹಳೆಯ ಚಂದಾದಾರರೊಬ್ಬರು ಫುಲ್‌ಸ್ಕೇಪ್ ಹಾಳೆಯ ಎರಡೂ ಬದಿ ತುಂಬಿಸಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

“ಕಳೆದ ಸಂಚಿಕೆಯಲ್ಲಿ ಒಂದು ವಿಡಿಯೋ ಗೇಮಿಗೆ ಎರಡು ಪುಟ ಕೊಟ್ಟಿದ್ದೀರಿ. ಮುಂಬಯಿಯಲ್ಲಿ ಕನ್ನಡ ಪತ್ರಿಕೆ ನಡೆಸೋದು ಕಷ್ಟ ಎಂದು ವರ್ಷಕ್ಕೆ ಎರಡು ಸಲ ನೀವೇ ಬರೆಯುತ್ತೀರಿ. ಹಾಗಿದ್ದ ಮೇಲೆ ಇದಕ್ಕೆಲ್ಲ ಕಾಗದ ಯಾಕೆ? ಆ ಹೆಸರು ಹಾಕಿ ಫೋನಿನಲ್ಲಿ ಹುಡುಕಿದೆ. ಬರೀ ಬಂದೂಕು, ಢಂ ಢಂ. ನನ್ನ ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಲೇಖನವನ್ನು ಅವಳ ಅಮ್ಮ ಓದಿ ಹೇಳಿದಳು. ಮರುದಿನವೇ ಆ ಆಟ ಮನೆಗೆ ಬಂತು. ಮೊನ್ನೆ ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ ಕಂಪ್ಯೂಟರ್ ಮುಂದೆ ಕೂತು ಅಳುತ್ತಿದ್ದಳು. ‘ಏನಿಲ್ಲ ಪಪ್ಪಾ, ಗೇಮ್ ಮುಗೀತು’ ಎಂದಳು. ಸೋತೆಯಾ ಎಂದು ಕೇಳಿದೆ. ‘ಇದರಲ್ಲಿ ಸೋಲೋದು ಗೆಲ್ಲೋದು ಇಲ್ಲ’ ಎಂದಳು. ಇದು ಎಂಥ ಆಟ ಸ್ವಾಮಿ? ಅಲ್ಲದೆ, ನಮ್ಮ ಸೂರ್ಯ ಹಾಗೆಲ್ಲ ಸಿಡಿಯುವುದಿಲ್ಲ ಎಂದು ನಾನು ಓದಿದ್ದೇನೆ. ವಿಜ್ಞಾನವೂ ತಪ್ಪು. ಉತ್ತರ ಕೊಡಿ.”

ಮಾನ್ಯರೇ,

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ನೀವು ಫೋನಿನಲ್ಲಿ ನೋಡಿದ್ದು ಬೇರೆ ಆಟ. ನಮ್ಮ ಲೇಖನ ‘ಔಟರ್ ವೈಲ್ಡ್ಸ್’ ಬಗ್ಗೆ. ತಲೆಬರಹದಲ್ಲಿ ಮಾತ್ರ ‘ಔಟರ್ ವರ್ಲ್ಡ್ಸ್’ ಎಂದು ಅಚ್ಚಾಗಿತ್ತು. ದುರದೃಷ್ಟಕ್ಕೆ ಆ ಹೆಸರಿನದೂ ಒಂದು ಆಟ ಇದೆ. ಎರಡೂ 2019ರಲ್ಲೇ ಬಂದವು. ನಮ್ಮದು ಮೇ ತಿಂಗಳಲ್ಲಿ, ಬಂದೂಕಿನದು ಅಕ್ಟೋಬರಿನಲ್ಲಿ. ಲೇಖನ ಬರೆದ ಹುಡುಗ ಸರಿಯಾಗಿಯೇ ಬರೆದುಕೊಟ್ಟಿದ್ದ. ಪ್ರೂಫ್ ನೋಡಿದವನು ನಾನು. ನಿಮ್ಮ ಮಗಳಿಗೆ ಅಮ್ಮ ಓದುವಾಗಲೇ ಹೆಸರು ತಪ್ಪಿದ್ದು ಗೊತ್ತಾಗಿರಬೇಕು, ಸರಿಯಾದದ್ದನ್ನೇ ತಗೊಂಡಿದ್ದಾಳೆ. ಅವಳ ಆಟದಲ್ಲಿ ಬಂದೂಕು ಇಲ್ಲ. ಕೊಲ್ಲಬೇಕಾದವರು ಯಾರೂ ಇಲ್ಲ.

ಹಾಗಾದರೆ ಏನಿದೆ? ಒಂದು ಪುಟ್ಟ ಸೌರಮಂಡಲ ಇದೆ. ಟಿಂಬರ್ ಹಾರ್ತ್ ಎಂಬ ಕಾಡಿನ ಗ್ರಹದಲ್ಲಿ, ಬೆಂಕಿ ಹಾಕಿಕೊಂಡು ಮಲಗಿದ್ದಲ್ಲಿ ನಿಮಗೆ ಎಚ್ಚರವಾಗುತ್ತದೆ. ಊರಿನವರಿಗೆ ನಾಲ್ಕು ನಾಲ್ಕು ಕಣ್ಣು. ಅವರು ಹಲಗೆ, ತಗಡು ಸೇರಿಸಿ ಕಟ್ಟಿದ ಒಂದು ಗಗನನೌಕೆ ನಿಮಗಾಗಿ ಕಾಯುತ್ತಿರುತ್ತದೆ. ಹತ್ತಿ, ಎಲ್ಲಿಗೆ ಬೇಕಾದರೂ ಹೋಗಿ. ಇಂಥದ್ದೇ ಮಾಡು ಎಂದು ಯಾರೂ ಹೇಳುವುದಿಲ್ಲ. 22 ನಿಮಿಷ ಆಗುತ್ತಲೇ ಸೂರ್ಯ ಸಿಡಿಯುತ್ತಾನೆ. ಎಲ್ಲ ಮುಗಿಯಿತು. ಮತ್ತೆ ಅದೇ ಬೆಂಕಿಯ ಪಕ್ಕ ಎಚ್ಚರ. ಡೊಂಬಿವಲಿಯಿಂದ ಠಾಣೆಗೆ ಸ್ಲೋ ಲೋಕಲ್ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಅಲ್ವಾ?

ಲೋಕಲ್ಲಿನ ಮಾತು ಸುಮ್ನೆ ಎತ್ತಿದ್ದಲ್ಲ. ಊರಿನಿಂದ ಬಂದ ಹೊಸತರಲ್ಲಿ ನಾನು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಫೋರ್ಟಿನ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ವಿ.ಟಿ.ಯಲ್ಲಿ ಗಾಡಿ ಹತ್ತಿ ದಾದರಿನಲ್ಲಿ ಇಳಿಯಬೇಕಾದವನು ಇಳಿಯಲಾಗದೆ ಕುರ್ಲಾದಲ್ಲಿ ಇಳಿದದ್ದು ಒಂದೆರಡು ಸಲ ಅಲ್ಲ. ಆಮೇಲೆ ಹತ್ತು ವರ್ಷದಲ್ಲಿ ನನ್ನಲ್ಲಿ ಬದಲಾದದ್ದೇನು? ಕಾಲು ಅದೇ, ಮೈ ಅದೇ, ಅದೂ ಇನ್ನಷ್ಟು ಸೊರಗಿದ್ದು. ಆದರೆ ಯಾವ ಡಬ್ಬಿ ಸೇತುವೆಯ ಮೆಟ್ಟಿಲ ಎದುರೇ ನಿಲ್ಲುತ್ತದೆ, ಯಾವ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ, ಎಲ್ಲಿಂದ ಬಾಗಿಲ ಕಡೆ ಸರಿಯಬೇಕು, ಇದೆಲ್ಲ ಗೊತ್ತಾಗಿತ್ತು. ಹೊಸಬ ಒದ್ದಾಡುವ ಕಡೆ ನಾನು ಪೇಪರ್ ಓದುತ್ತಾ ಇಳಿಯುತ್ತಿದ್ದೆ.

ಔಟರ್ ವೈಲ್ಡ್ಸ್ ಅಷ್ಟೇ. ಬೇರೆ ಆಟಗಳಲ್ಲಿ ಆಡುತ್ತಾ ಆಡುತ್ತಾ ಒಳ್ಳೆ ಕತ್ತಿ ಸಿಗುತ್ತದೆ, ಶಕ್ತಿ ಏರುತ್ತದೆ, ನಾಣ್ಯ ಕೂಡುತ್ತದೆ. ಇಲ್ಲಿ ಏನೂ ಕೂಡುವುದಿಲ್ಲ. ಸೂರ್ಯ ಸಿಡಿದ ಮೇಲೆ ಉಳಿಯುವುದು ನಿಮಗೆ ಗೊತ್ತಾದದ್ದು ಮಾತ್ರ. ಕಂಡದ್ದನ್ನೆಲ್ಲ ನೌಕೆಯ ಕಂಪ್ಯೂಟರ್ ಗುರುತು ಹಾಕಿಟ್ಟು, ಯಾವುದಕ್ಕೂ ಯಾವುದಕ್ಕೂ ಸಂಬಂಧ ಎಂದು ಗೆರೆ ಎಳೆದು ತೋರಿಸುತ್ತದೆ. ಗುಟ್ಟು ಗೊತ್ತಿದ್ದವನು ಮೊದಲ 22 ನಿಮಿಷದಲ್ಲೇ ಕೊನೆ ಮುಟ್ಟಬಹುದು. ಆದರೆ ಗೊತ್ತಿರುವುದಿಲ್ಲವಲ್ಲ. ನನ್ನ ಅಕ್ಕನ ಮಗನಿಗೆ ಸುಮಾರು 20 ಗಂಟೆ ಬೇಕಾಯಿತು.

ಆ ಅಳಿಯನಿಂದಲೇ ಈ ಆಟ ನನಗೆ ಅಂಟಿದ್ದು. ಜುಲೈ ತಿಂಗಳ ಒಂದು ಭಾನುವಾರ ಮುಲುಂಡಿನ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಹಳಿ ಮೇಲೆ ನೀರು ನಿಂತು ಗಾಡಿ ಬಂದ್. ಮನೆಗೆ ಹೋಗುವ ಹಾಗಿಲ್ಲ. ಅಳಿಯ ಕೈಗೆ ಕಂಟ್ರೋಲರ್ ಕೊಟ್ಟು, “ಮಾಮ, ಹಾರಿಸಿ ನೋಡಿ” ಎಂದ. ಮೊದಲ ಸಲ ನಮ್ಮ ಊರಿನ ಮರಕ್ಕೇ ಗುದ್ದಿದೆ. ಎರಡನೇ ಸಲ ಚಂದ್ರನಿಗೆ. ಮೂರನೇ ಸಲ, ಆಟೋಪೈಲಟ್ ಇದೆಯಲ್ಲ ಎಂದು ಅದನ್ನು ಒತ್ತಿ ಚಹಾ ಲೋಟ ಕೈಗೆತ್ತಿಕೊಂಡೆ. ನಡುವೆ ಸೂರ್ಯ ಅಡ್ಡ ಇದ್ದರೆ ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲವಂತೆ. ನೇರ ಸೂರ್ಯನೊಳಗೆ ಹೋದೆ. ಅಕ್ಕ ಅಡುಗೆಮನೆಯಿಂದ “ಏನು ನಗು ಅದು?” ಎಂದು ಕೇಳಿದಳು.

ಆ ನೌಕೆಗೆ ಬ್ರೇಕ್ ಇಲ್ಲ, ಅದೇ ತೊಂದರೆ. ಆಕಾಶದಲ್ಲಿ ಗಾಳಿ ಇಲ್ಲ, ನೆಲ ಇಲ್ಲ, ಉಜ್ಜಲು ಏನೂ ಇಲ್ಲ. ಎಷ್ಟು ಹೊತ್ತು ಮುಂದಕ್ಕೆ ತಳ್ಳಿದಿರೋ ಅಷ್ಟೇ ಹೊತ್ತು ಹಿಂದಕ್ಕೆ ತಳ್ಳಿದರೆ ಮಾತ್ರ ನಿಲ್ಲುತ್ತದೆ. ವಿಜ್ಞಾನ ತಪ್ಪು ಎಂದಿರಿ. ಇದು ಮಾತ್ರ ಅಪ್ಪಟ ಸರಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವುದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್ ವೇಗದಲ್ಲಿದ್ದ ಲ್ಯಾಂಡರನ್ನು ನಿಧಾನ ಮಾಡಲು ಅಲ್ಲಿ ಪ್ಯಾರಾಚೂಟ್ ಕೆಲಸಕ್ಕೆ ಬರುವುದಿಲ್ಲ. ಎದುರು ದಿಕ್ಕಿಗೆ ಇಂಜಿನ್ ಉರಿಸಿಯೇ ನಿಧಾನ ಮಾಡಬೇಕು. ಆ ಸಂಜೆ ನಾನು ಟಿ.ವಿ. ಮುಂದೆ ಎಲ್ಲರ ಜೊತೆ ಸುಮ್ನೆ ಚಪ್ಪಾಳೆ ತಟ್ಟಿದ್ದೆ. ಎಂಥ ಕೆಲಸಕ್ಕೆ ತಟ್ಟಿದ್ದು ಎಂದು ಗೊತ್ತಾದದ್ದು ಆಟದ ಆ ಚಂದ್ರನಿಗೆ ಗುದ್ದಿದ ಮೇಲೆ.

ಸೂರ್ಯನ ವಿಷಯಕ್ಕೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಸೂರ್ಯ ಸೂಪರ್‌ನೋವಾ ಆಗುವಷ್ಟು ದೊಡ್ಡವನಲ್ಲ. ಹಾಗೆ ಸಿಡಿಯಲು ನಕ್ಷತ್ರ ಅವನ ಎಂಟು ಪಟ್ಟಾದರೂ ತೂಕ ಇರಬೇಕು. ಇವನು ಸುಮಾರು 500 ಕೋಟಿ ವರ್ಷ ಕಳೆದ ಮೇಲೆ ಕೆಂಪಗೆ ಉಬ್ಬಿ, ಹೊರಪದರ ಕಳಚಿ, ಕೊನೆಗೆ ಬಿಳಿ ಕುಬ್ಜ ಎಂಬ ಪುಟ್ಟ ನಕ್ಷತ್ರವಾಗುತ್ತಾನೆ. ವರ್ಲಿಯ ನೆಹರೂ ತಾರಾಲಯದ ಕತ್ತಲಲ್ಲಿ ಕೂತು ನಾವೆಲ್ಲ ಕೇಳಿದ ಪಾಠ ಇದು. ಆಟದಲ್ಲಿರುವುದು ನಮ್ಮ ಸೂರ್ಯ ಅಲ್ಲ, ಅಷ್ಟೇ. ಅಲ್ಲಿಯ ಗ್ರಹಗಳೂ ಕೈತೋಟದ ಅಳತೆಯವು, ಕೆಲವನ್ನು ಐದು ನಿಮಿಷದಲ್ಲಿ ಸುತ್ತಿ ಬರಬಹುದು. ಇನ್ನೊಂದು ತಮಾಷೆ ಇದೆ, ಇದನ್ನು ನಿಮ್ಮ ಮಗಳಿಗೆ ಹೇಳಿ, ಅವಳ ಓದಿಗೆ ಹತ್ತಿರದ್ದು. ಆಟದೊಳಗೆ ನೀವು ಹಾರುತ್ತಿದ್ದೀರಿ ಎಂದು ಕಾಣುತ್ತದೆ. ನಿಜಕ್ಕೂ ಕಂಪ್ಯೂಟರ್ ನಿಮ್ಮನ್ನು ನಡುವೆ ಇಟ್ಟು ಇಡೀ ಸೌರಮಂಡಲವನ್ನೇ ಸರಿಸುತ್ತಿರುತ್ತದೆ. ನಡುವಿನಿಂದ ದೂರ ಹೋದಷ್ಟೂ ಅದರ ದಶಮಾಂಶದ ಲೆಕ್ಕ ಒರಟಾಗುತ್ತದೆ, ಅದನ್ನು ತಪ್ಪಿಸಲು ಈ ಉಪಾಯ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಈ ಸೌರಮಂಡಲದಲ್ಲಿ ಜೋಡಿ ಗ್ರಹಗಳಿವೆ. ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತಲೇ ಇರುತ್ತದೆ, ಮರಳು ಗಡಿಯಾರದ ಹಾಗೆ. ಸುರಿಸಿಕೊಳ್ಳುವ ಗ್ರಹದಲ್ಲಿ ಗವಿಗಳು ಮುಚ್ಚುತ್ತಾ ಹೋಗುತ್ತವೆ. ಸುರಿಸುವ ಗ್ರಹದಲ್ಲಿ ಹೂತಿದ್ದ ಗೋಪುರಗಳು ಒಂದೊಂದೇ ಮೇಲೆ ಕಾಣುತ್ತವೆ. ನಾನು ಗವಿಯೊಳಗೆ ಇಳಿದೆ. ಗೋಡೆಯ ಮೇಲೆ ಬರಹ. ಲಕ್ಷಾಂತರ ವರ್ಷಗಳ ಹಿಂದೆ ನೊಮಾಯ್ ಎಂಬ ಮೂರು ಕಣ್ಣಿನ ಜನ ಬರೆದಿಟ್ಟದ್ದು. ಸಾಲು ಸಾಲಾಗಿ ಅಲ್ಲ, ಚಕ್ಕುಲಿಯ ಹಾಗೆ ಸುರುಳಿ ಸುರುಳಿಯಾಗಿ. ಒಬ್ಬರು ಬರೆದ ಸುರುಳಿಯಿಂದ ಕವಲೊಡೆದು ಇನ್ನೊಬ್ಬರ ಉತ್ತರ, ಅದರಿಂದ ಮೂರನೆಯವರ ತಕರಾರು. ನಮ್ಮ ಓದುಗರ ಪತ್ರದ ಪುಟವೇ ನೋಡಿ. ಕೈಯಲ್ಲಿದ್ದ ಯಂತ್ರ ಹಿಡಿದರೆ ಒಂದೊಂದೇ ಕವಲು ಓದಲು ಸಿಗುತ್ತದೆ. ನಾನು ಓದುತ್ತಾ ನಿಂತೆ. ಮರಳು ಮೊಣಕಾಲಿಗೆ ಬಂತು. “ಮಾಮ, ಹೊರಡಿ” ಎಂದ ಅಳಿಯ. “ತಡಿಯೋ, ಇದೊಂದು ಮುಗೀಲಿ” ಎಂದೆ. ಮೂವತ್ತು ವರ್ಷ ಪ್ರೂಫ್ ತಿದ್ದಿದವನು ವಾಕ್ಯ ಅರ್ಧಕ್ಕೆ ಬಿಟ್ಟು ಓಡುತ್ತಾನೆಯೇ? ಮರಳು ಏರಿ ಏರಿ ನನ್ನನ್ನು ಗವಿಯ ಸೂರಿಗೆ ಒತ್ತಿ ಮುಗಿಸಿತು. ಬೆಂಕಿಯ ಪಕ್ಕ ಎಚ್ಚರ. ಈ ಸಲ ಬೇರೆಲ್ಲೂ ತಿರುಗದೆ ನೇರ ಗವಿಗೆ ಹೋದೆ. ಮರಳು ಬರುವ ಮೊದಲೇ ಆ ವಾಕ್ಯ ಮುಗಿಸಿದೆ. ಗವಿಯ ಲೋಕಲ್ ಎಷ್ಟು ಹೊತ್ತಿಗೆ ಎಂದು ಗೊತ್ತಾಗಿತ್ತಲ್ಲ.

ಎಚ್ಚರವಾದ ಗಳಿಗೆಯದ್ದೇ ಇನ್ನೊಂದು ಮಾತು. ಕಣ್ಣು ಬಿಟ್ಟಾಗ ಮೇಲೆ ಆಕಾಶದಲ್ಲಿ ದೊಡ್ಡದೊಂದು ಹಸಿರು ಗ್ರಹ ಕಾಣುತ್ತದೆ. ಅದರ ಪಕ್ಕ ಏನೋ ಒಂದು ಮಿಂಚಿ, ಒಂದು ಚೂರು ಹಾರಿಹೋಗುತ್ತದೆ. ಹತ್ತು ಸಲ ಅದು ಕಣ್ಣ ಮುಂದೆಯೇ ಆದರೂ ನಾನು ಗಮನಿಸಲಿಲ್ಲ. ಹನ್ನೊಂದನೇ ಸಲ ಗಮನಿಸಿದೆ, ಹನ್ನೆರಡನೇ ಸಲ ಅದು ಹಿಂದಿನ ದಿಕ್ಕಿಗೆ ಹೋಗಲಿಲ್ಲ. ಪ್ರತಿ ಸಲವೂ ಬೇರೆ ದಿಕ್ಕಿಗೆ. ಯಾಕೆ ಎಂದು ಬರೆದರೆ ಅಳಿಯ ನನ್ನ ಜೊತೆ ಮಾತು ಬಿಡುತ್ತಾನೆ.

ಈಗ ಕನ್ನಡದ ಪ್ರಶ್ನೆ. ಈ ಆಟ ಕನ್ನಡದಲ್ಲಿಲ್ಲ, ನಿಜ. ನನ್ನ ಅಳಿಯನೂ ನಿಮ್ಮ ಮಗಳ ಹಾಗೆಯೇ, ಮುಲುಂಡಿನಲ್ಲಿ ಹುಟ್ಟಿದವನು. ಕನ್ನಡದಲ್ಲಿ ಮಾತಾಡಿಸಿದರೆ “ಹೂಂ ಮಾಮ”, “ಆಯ್ತು ಮಾಮ”, ಅಲ್ಲಿಗೆ ಮುಗಿಯಿತು. ಆದರೆ ಆ ಭಾನುವಾರ ನನ್ನ ಕನ್ನಡಕ ಮನೆಯಲ್ಲಿ ಉಳಿದಿತ್ತು. ಹತ್ತಿರ ಕೂತರೂ ಗೋಡೆಯ ಬರಹ ಅರ್ಧ ಮಾತ್ರ ಕಾಣುತ್ತಿತ್ತು. ಅವನೇ ಓದಿ ಹೇಳಬೇಕಾಯಿತು. ಇಂಗ್ಲಿಷಿನಲ್ಲಿ ಓದುತ್ತಿದ್ದವನು ನಾನು ಅಡ್ಡ ಪ್ರಶ್ನೆ ಹಾಕುತ್ತಾ ಹೋದಂತೆ ಕನ್ನಡಕ್ಕೆ ಇಳಿದ. “ಅವಳು ಅವನಿಗೆ ಬಯ್ದಿದ್ದಾಳೆ ಮಾಮ, ಆದರೆ ಸಿಟ್ಟಿನಿಂದ ಅಲ್ಲ, ಪ್ರೀತಿ ಇದೆ ಅದರಲ್ಲಿ.” ನಡುವೆ ಹಿಂದಿ, ಮರಾಠಿ, ಅವರಪ್ಪನ ತುಳು ಎಲ್ಲ ಸೇರಿತ್ತು. ಇರಲಿ. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಆ ಹುಡುಗನ ಬಾಯಲ್ಲಿ ಅಷ್ಟು ಕನ್ನಡ ನಾನು ಹಿಂದೆಂದೂ ಕೇಳಿರಲಿಲ್ಲ. ಎರಡು ಪುಟ ಯಾಕೆ ಕೊಟ್ಟೆ ಎಂದಿರಲ್ಲ, ನಿಜ ಹೇಳಬೇಕೆಂದರೆ ಅದಕ್ಕೇ ಕೊಟ್ಟೆ.

ಮಾಡಿದವರು ಯಾರು ಎಂದು ಲೇಖನದಲ್ಲಿ ಇತ್ತು, ಚುಟುಕಾಗಿ ಮತ್ತೆ ಹೇಳುತ್ತೇನೆ. ಅಲೆಕ್ಸ್ ಬೀಚಮ್ ಎಂಬ ಹುಡುಗ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯ ಕೆಲಸವಾಗಿ ಶುರು ಮಾಡಿದ್ದು. ಗೋಡೆಯ ಮಾತುಗಳನ್ನೆಲ್ಲ ಬರೆದವರು ಅವನ ಸಹೋದರಿ ಕೆಲ್ಸಿ ಬೀಚಮ್. ಪೂರ್ತಿಯಾಗುವ ಮೊದಲೇ 2015ರಲ್ಲಿ ಸ್ವತಂತ್ರ ಆಟಗಳ ಹಬ್ಬದಲ್ಲಿ ದೊಡ್ಡ ಬಹುಮಾನ ಬಂತು. 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯವರು ವರ್ಷದ ಅತ್ಯುತ್ತಮ ಆಟ ಎಂದರು. ಮಾಡಿದ ಸಂಸ್ಥೆ ಮೊಬಿಯಸ್ ಡಿಜಿಟಲ್, ಸಣ್ಣದು. ಹೊರತಂದವರ ಹೆಸರು ಅನ್ನಪೂರ್ಣ ಇಂಟರಾಕ್ಟಿವ್. ಹೊರನಾಡಿನವರಲ್ಲ, ಅಮೆರಿಕದವರು. ಅನ್ನಪೂರ್ಣೆಯ ಹೆಸರು ಕೇಳಿ ಕೈ ಮುಗಿದವರು ನಮ್ಮಂಥ ಹೊರನಾಡ ಕನ್ನಡಿಗರು ಮಾತ್ರ ಇರಬೇಕು.

ಸಂಗೀತ ಆಂಡ್ರ್ಯೂ ಪ್ರಹ್ಲೋ ಅವರದ್ದು. ಇದೊಂದನ್ನು ನೀವೂ ಕೇಳಬೇಕು. ಊರಿನಿಂದ ಮೊದಲೇ ಹೋದ ಐದು ಜನ ಬೇರೆ ಬೇರೆ ಕಡೆ ಒಬ್ಬೊಬ್ಬರೇ ಇದ್ದಾರೆ. ಒಬ್ಬ ಬ್ಯಾಂಜೋ ನುಡಿಸುತ್ತಾನೆ, ಒಬ್ಬ ಡ್ರಮ್, ಒಬ್ಬ ಕೊಳಲು, ಒಬ್ಬ ಹಾರ್ಮೋನಿಕಾ, ಚಂದ್ರನ ಮೇಲಿರುವ ಮುದುಕ ಬರೀ ಸಿಳ್ಳೆ. ದೂರದ ಸದ್ದು ಹಿಡಿಯುವ ಕೊಳವೆಯೊಂದು ನಿಮ್ಮ ಹತ್ತಿರ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಬರೀ ಡ್ರಮ್ಮು, ಇನ್ನೊಂದು ಕಡೆ ಬರೀ ಕೊಳಲು. ಸೌರಮಂಡಲದಿಂದ ಸಾಕಷ್ಟು ಹೊರಗೆ ಹೋಗಿ ಹಿಂತಿರುಗಿ ಹಿಡಿದರೆ ಐದೂ ಒಟ್ಟಿಗೆ ಕೇಳುತ್ತವೆ. ಐವರೂ ನುಡಿಸುತ್ತಿದ್ದದ್ದು ಒಂದೇ ಹಾಡು. ಆಗ ಅಡುಗೆಮನೆಯಿಂದ ಅಕ್ಕನೂ ಬಂದು ಸೋಫಾದ ಅಂಚಿಗೆ ಕೂತಳು.

ನಿಮ್ಮ ಮಗಳು ಯಾಕೆ ಅತ್ತಳು ಎಂಬುದಕ್ಕೆ ನನ್ನಿಂದ ಉತ್ತರ ಬೇಡ. ನಾನಿನ್ನೂ ಕೊನೆ ಮುಟ್ಟಿಲ್ಲ. ಮುಟ್ಟಿದ ಅಳಿಯ ಬಾಯಿ ಬಿಡುತ್ತಿಲ್ಲ. ಅವಳೂ ಬಿಡುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಆದರೆ “ಎಷ್ಟನೇ ಲೆವೆಲ್?” ಎಂದು ಮಾತ್ರ ಕೇಳಬೇಡಿ, ಇದರಲ್ಲಿ ಲೆವೆಲ್ ಇಲ್ಲ. “ನನಗೂ ಒಂದು ಸಲ ಹಾರಿಸಲು ಕೊಡು” ಎಂದು ಕೇಳಿ. ಎರಡು ಸಲ ಮರಕ್ಕೆ ಗುದ್ದುತ್ತೀರಿ. ಆಮೇಲೆ ಅವಳೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಕನ್ನಡಕ ಕಂಡರೆ ಅಡಗಿಸಿಡಿ.

ಪ್ರತಿಯಾಗಿ ನನಗೊಂದು ಉಪಕಾರ ಆಗಬೇಕು. ಅಲ್ಲಿ ಕ್ವಾಂಟಮ್ ಮೂನ್ ಎಂಬ ಚಂದ್ರ ಇದೆ. ನೋಡುತ್ತಿರುವಷ್ಟು ಹೊತ್ತು ಇರುತ್ತದೆ, ಕಣ್ಣು ಬೇರೆ ಕಡೆ ಹೊರಳಿದರೆ ಇನ್ನೊಂದು ಗ್ರಹದ ಹತ್ತಿರ ಹೋಗಿ ಕೂರುತ್ತದೆ. ಆರು ಭಾನುವಾರದಿಂದ ಅದರ ಮೇಲೆ ಇಳಿಯಲು ಹೋಗುತ್ತಿದ್ದೇನೆ. ಹತ್ತಿರ ಹೋದರೆ ಮಂಜು ಕವಿಯುತ್ತದೆ, ಮಂಜು ದಾಟಿದರೆ ಚಂದ್ರನೇ ಇಲ್ಲ. ನನಗೊಂದು ಅನುಮಾನ ಇದೆ, ನೌಕೆಯಲ್ಲಿರುವ ಆ ಪುಟ್ಟ ಕ್ಯಾಮೆರಾಕ್ಕೂ ಇದಕ್ಕೂ ಏನೋ ಸಂಬಂಧ ಇದೆ ಎಂದು. ನಿಮ್ಮ ಮಗಳನ್ನು ಕೇಳಿ, ಒಂದು ಕಾರ್ಡಿನಲ್ಲಿ ‘ಹೂಂ’ ಅಥವಾ ‘ಊಹೂಂ’ ಎಂದಷ್ಟೇ ಬರೆದು ಕಳಿಸಿ. ಅದಕ್ಕಿಂತ ಒಂದಕ್ಷರ ಜಾಸ್ತಿ ಬರೆದರೆ ನಿಮ್ಮ ಚಂದಾ ವಾಪಸ್.

ಸಂಪಾದಕ