ಕಂಪ್ಯೂಟರ್ ಕಟ್ಟೆ: ಇನ್‌ಸ್ಟಾಲರ್ ಸೊಂಟದಲ್ಲಿ ಮನೆಯ ಬೀಗದ ಕೈ

ಪ್ರಶ್ನೆ: ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ನಾಲ್ಕು ಕಂಪ್ಯೂಟರ್ ಉಂಟು. ಕನ್ನಡ, ಮಲಯಾಳ ಟೈಪಿಂಗ್, ಮದುವೆ ಕಾಗದ, ಆನ್‌ಲೈನ್ ಅರ್ಜಿ ಎಲ್ಲ ಮಾಡಿಕೊಡುತ್ತೇವೆ. ಕೆಲಸದ ಹುಡುಗರಿಗೆ ಸ್ಟ್ಯಾಂಡರ್ಡ್ ಅಕೌಂಟ್ ಮಾತ್ರ, ಅಡ್ಮಿನ್ ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತು. ಮೊನ್ನೆ ನೋಡಿದರೆ ಒಂದು ಕಂಪ್ಯೂಟರಿನಲ್ಲಿ ನಾನು ಮಾಡದ ಹೊಸ ಅಡ್ಮಿನ್ ಅಕೌಂಟ್! ಹುಡುಗನನ್ನು ಕೇಳಿದರೆ ‘ಫೋಟೋ ಸರಿಮಾಡುವ ಸಾಫ್ಟ್‌ವೇರ್ ಒಂದು ಹಾಕಿದೆ ಅಷ್ಟೇ, ಪಾಸ್‌ವರ್ಡ್ ಕೇಳಲೇ ಇಲ್ಲ’ ಅನ್ನುತ್ತಾನೆ. ಪ್ರಿಂಟರ್ ಡ್ರೈವರ್ ಹಾಕಬೇಕಾದಾಗಲೆಲ್ಲ ನನ್ನನ್ನು ಕರೆಯುತ್ತಾರೆ ಅಂತ ಎರಡು ವರ್ಷದ ಹಿಂದೆ ರಿಪೇರಿಯವರಿಗೆ ಹೇಳಿದ್ದೆ, ಅವರು ಎಂತದೋ ಸೆಟ್ಟಿಂಗ್ ಬದಲಿಸಿ ಕೊಟ್ಟಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಉಂಟಾ? ಅಥವಾ ಹುಡುಗ ಸುಳ್ಳು ಹೇಳುತ್ತಿದ್ದಾನಾ?

ಉತ್ತರ: ಮೊದಲು ಹುಡುಗನನ್ನು ಬೈಯುವುದು ನಿಲ್ಲಿಸಿ. ಅವನು ಹೇಳಿದ್ದು ನಿಜವೇ ಇರಬಹುದು. ನಿಮ್ಮ ಕಾಗದದ ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದ ಆ ಸೆಟ್ಟಿಂಗ್ ಮಾತು ಉಂಟಲ್ವಾ, ನನಗೆ ಅನುಮಾನ ಇರುವುದು ಅದರ ಮೇಲೆಯೇ.

ನಮ್ಮ ಕಡೆಯ ಮನೆಯನ್ನೇ ತೆಗೆದುಕೊಳ್ಳಿ. ಅಡಿಕೆ ಕೋಣೆಗೆ ಬೀಗ. ಕೈ ಇರುವುದು ಯಜಮಾನರ ಹತ್ತಿರ ಮತ್ತು ಹಳೆಯ ಆಳೊಬ್ಬನ ಹತ್ತಿರ. ಯಾರು ಬಂದು ‘ಈ ಗೋಣಿ ಒಳಗಿಡು’ ಅಂದರೂ ಅವನು ಬೀಗ ತೆಗೆದು, ಇಟ್ಟು, ಮತ್ತೆ ಬೀಗ ಹಾಕಿ ಬರುತ್ತಾನೆ. ಆಸಾಮಿ ಪ್ರಾಮಾಣಿಕ, ಒಂದು ಅಡಿಕೆಯನ್ನೂ ಕದಿಯುವವನಲ್ಲ. ಆದರೆ ಗೋಣಿಯೊಳಗೆ ಅಡಿಕೆಯ ಬದಲು ಒಬ್ಬ ಕಳ್ಳನೇ ಕೂತಿದ್ದರೆ? ವಿಂಡೋಸ್‌ನಲ್ಲಿರುವ ಇನ್‌ಸ್ಟಾಲರ್ ಸೇವೆ ಈ ಆಳಿನ ಹಾಗೆ. ಎಂಎಸ್‌ಐ ಅಂತ ಕೊನೆಯಾಗುವ ಫೈಲುಗಳನ್ನು ಬಿಚ್ಚಿ ಹಾಕುವುದು ಅದರ ಕೆಲಸ. ಸಿಸ್ಟಮ್ ಫೋಲ್ಡರಿಗೆ ಬರೆಯಬೇಕಾಗುವುದರಿಂದ ಅದು ‘ಸಿಸ್ಟಮ್’ ಎಂಬ ಅಕೌಂಟಿನ ಬಲದಲ್ಲಿ ಓಡುತ್ತದೆ. ಅದು ನಿಮ್ಮ ಅಡ್ಮಿನ್ ಅಕೌಂಟಿಗಿಂತಲೂ ಒಂದು ಮೆಟ್ಟಿಲು ಮೇಲೆ.

ಪಾಸ್‌ವರ್ಡ್ ಕೇಳದೆಯೇ ಎಲ್ಲ ಎಂಎಸ್‌ಐ ಫೈಲುಗಳನ್ನೂ ಆ ಬಲದಲ್ಲೇ ಹಾಕು ಎಂದು ಹೇಳುವ ಒಂದು ಸೆಟ್ಟಿಂಗ್ ವಿಂಡೋಸ್‌ನಲ್ಲಿ ಮೊದಲಿನಿಂದಲೂ ಉಂಟು. ಹೆಸರು ‘ಆಲ್ವೇಸ್ ಇನ್‌ಸ್ಟಾಲ್ ವಿತ್ ಎಲಿವೇಟೆಡ್ ಪ್ರಿವಿಲೇಜಸ್’. ಇದನ್ನು ಹಾಕಿದರೆ ಅಪಾಯ ಅಂತ ಮೈಕ್ರೋಸಾಫ್ಟ್ ತಾನೇ ಬರೆದಿಟ್ಟಿದೆ, ಆದರೂ ದಿನಾ ಫೋನ್ ಬರುವುದು ತಪ್ಪಲಿ ಅಂತ ಹಾಕಿಬಿಡುವವರು ಇದ್ದಾರೆ. ಪಾಪ, ಅವರಿಗೂ ಸಾಕಾಗಿರುತ್ತದೆ. ನಿಮ್ಮ ರಿಪೇರಿಯವರು ಮಾಡಿದ್ದು ಇದೇ ಆಗಿದ್ದರೆ ಹುಡುಗನ ಆ ಫೋಟೋ ಸಾಫ್ಟ್‌ವೇರ್ ಕೇಳದೆಯೇ ಸಿಸ್ಟಮ್ ಆಗಿ ಓಡಿದೆ. ಹೊಸ ಅಡ್ಮಿನ್ ಅಕೌಂಟ್ ಮಾಡುವುದು ಅದಕ್ಕೆ ಒಂದು ಸಾಲಿನ ಕೆಲಸ.

ನೋಡುವುದು ಹೇಗೆ? ವಿಂಡೋಸ್ ಪ್ರೊ ಆದರೆ ಗ್ರೂಪ್ ಪಾಲಿಸಿ ಎಡಿಟರ್ ತೆರೆಯಿರಿ. ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಅದರೊಳಗೆ ವಿಂಡೋಸ್ ಕಾಂಪೊನೆಂಟ್ಸ್, ಅದರೊಳಗೆ ವಿಂಡೋಸ್ ಇನ್‌ಸ್ಟಾಲರ್. ಕಂಪ್ಯೂಟರ್ ಮತ್ತು ಯೂಸರ್ ಎರಡೂ ಕಡೆ ನೋಡಬೇಕು, ಯಾಕೆಂದರೆ ಎರಡೂ ಕಡೆ ಆನ್ ಆಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಎರಡನ್ನೂ ‘ನಾಟ್ ಕಾನ್ಫಿಗರ್ಡ್’ ಮಾಡಿ. ಹೋಮ್ ಆವೃತ್ತಿಯಲ್ಲಿ ಆ ಎಡಿಟರ್ ಇರುವುದಿಲ್ಲ, ಅಲ್ಲಿ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಪಟ್ಟಿಯಲ್ಲಿ, ಹುಡುಕಬೇಕು. ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆದರೆ ಅದನ್ನು ಆಫ್ ಮಾಡಿದರೆ ಆ ಕಂಪ್ಯೂಟರ್ ಸರಿಯಾಯಿತು ಅಂದುಕೊಳ್ಳಬೇಡಿ. ಒಮ್ಮೆ ಸಿಸ್ಟಮ್ ಬಲ ಸಿಕ್ಕವನು ಆ ಒಂದು ಅಕೌಂಟ್ ಬಿಟ್ಟು ಇನ್ನೆಂತದೆಲ್ಲ ಇಟ್ಟು ಹೋಗಿದ್ದಾನೆ ಅಂತ ಹುಡುಕಿ ಮುಗಿಸಲು ಆಗುವುದಿಲ್ಲ. ಮದುವೆ ಕಾಗದದ ಫೈಲುಗಳನ್ನು ಬೇರೆ ಕಡೆ ತೆಗೆದಿಟ್ಟು ಪೂರ್ತಿ ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ. ಆ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಬ್ಯಾಂಕ್, ಇಮೇಲ್ ಪಾಸ್‌ವರ್ಡುಗಳನ್ನೆಲ್ಲ ಬೇರೊಂದು ಕಂಪ್ಯೂಟರಿನಿಂದ ಬದಲಿಸಿ. ಉಳಿದ ಮೂರರಲ್ಲೂ ಆ ಸೆಟ್ಟಿಂಗ್ ಉಂಟಾ ನೋಡಿ, ಒಬ್ಬರೇ ರಿಪೇರಿ ಮಾಡಿದ್ದಲ್ವಾ.

ಪ್ರಶ್ನೆ: ಸೆಟ್ಟಿಂಗ್ ಎಲ್ಲ ಸರಿಯಾಗಿಯೇ ಇದ್ದರೆ ಸ್ಟ್ಯಾಂಡರ್ಡ್ ಅಕೌಂಟ್ ಇದ್ದವರು ಅಡ್ಮಿನ್ ಆಗಲು ಸಾಧ್ಯವೇ ಇಲ್ಲ ತಾನೇ? (ಪೆರ್ಲದಿಂದ ಒಬ್ಬ ಕಾಲೇಜು ವಿದ್ಯಾರ್ಥಿ)

ಉತ್ತರ: ಹಾಗೆ ಇರಬೇಕಿತ್ತು. ಆದರೆ ಆ ಆಳನ್ನು ಮೋಸ ಮಾಡುವ ಹೊಸ ಹೊಸ ದಾರಿಗಳು ಸಿಗುತ್ತಲೇ ಇವೆ.

2021ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಇಂಥದ್ದೇ ಒಂದು ತೂತು ಮುಚ್ಚಿತು, ಇಂಥ ತೂತುಗಳ ಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2021-41379. ಅದನ್ನು ತೋರಿಸಿಕೊಟ್ಟಿದ್ದ ಅಬ್ದೆಲ್‌ಹಮೀದ್ ನಾಸೆರಿ ಎಂಬ ಸಂಶೋಧಕರು ಮುಚ್ಚಿದ್ದನ್ನು ಪರೀಕ್ಷಿಸಿ ನೋಡಿದರೆ ಸರಿಯಾಗಿ ಮುಚ್ಚಿಯೇ ಇರಲಿಲ್ಲ. ಅದೇ ತಿಂಗಳು ಅವರು ಮೊದಲಿನದ್ದಕ್ಕಿಂತ ಜೋರಾದ ಇನ್ನೊಂದು ದಾರಿಯನ್ನು ಕೋಡ್ ಸಮೇತ ಬಹಿರಂಗ ಮಾಡಿಬಿಟ್ಟರು. ತಪ್ಪು ಹುಡುಕಿದವರಿಗೆ ಕೊಡುವ ಬಹುಮಾನದ ಹಣ ಇಳಿಸಿದ್ದಾರೆ ಎಂಬ ಸಿಟ್ಟೂ ಅವರಿಗಿತ್ತು. ಡಿಸೆಂಬರಿನಲ್ಲಿ ಮತ್ತೆ ತೇಪೆ ಹಾಕಬೇಕಾಯಿತು. ಈ ಜಾತಿಯ ಮೋಸದ ಹುರುಳು ಇಷ್ಟು: ಆಳು ಗೋಣಿ ಹೊತ್ತು ಹೋಗುತ್ತಿರುವಾಗ, ಅವನು ಹೋಗಬೇಕಾದ ಕೋಣೆಯ ಬೋರ್ಡನ್ನು ಯಾರೋ ತೆಗೆದು ತಿಜೋರಿ ಕೋಣೆಯ ಬಾಗಿಲಿಗೆ ಸಿಕ್ಕಿಸುತ್ತಾರೆ. ಅವನು ಬೋರ್ಡ್ ನೋಡಿ ಆ ಬಾಗಿಲು ತೆಗೆಯುತ್ತಾನೆ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕೊಂಡಿ ಹಾಕಿ ಹೀಗೆ ದಾರಿ ತಪ್ಪಿಸಲು ಬರುತ್ತದೆ, ಅದೂ ಸಾಮಾನ್ಯ ಅಕೌಂಟಿನಿಂದಲೇ.

ನನಗೆ ಭಾರೀ ತಮಾಷೆ ಅನಿಸಿದ್ದು 2024ರ ಸೆಪ್ಟೆಂಬರಿನಲ್ಲಿ ಸರಿಮಾಡಿದ ತಪ್ಪು. ನೀವು ಹಾಕಿದ ಎಂಎಸ್‌ಐ ಫೈಲುಗಳ ಪ್ರತಿಗಳನ್ನು ವಿಂಡೋಸ್ ಒಂದು ಅಡಗಿದ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ, ಮುಂದೆ ಆ ಸಾಫ್ಟ್‌ವೇರ್ ಕೆಟ್ಟರೆ ರಿಪೇರಿಗೆ ಬೇಕಲ್ಲ. (ಜಾಗ ಸಾಲುವುದಿಲ್ಲ ಅಂತ ಆ ಫೋಲ್ಡರನ್ನು ಖಾಲಿ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ, ಆಮೇಲೆ ಆ ಸಾಫ್ಟ್‌ವೇರ್ ತೆಗೆಯಲೂ ಆಗುವುದಿಲ್ಲ.) ಈ ರಿಪೇರಿಯನ್ನು ಯಾವ ಸಾಮಾನ್ಯ ಬಳಕೆದಾರನೂ ಶುರು ಮಾಡಬಹುದಿತ್ತು, ಪಾಸ್‌ವರ್ಡ್ ಬೇಡ. ಕೆಲವು ಸಾಫ್ಟ್‌ವೇರ್‌ಗಳ ರಿಪೇರಿ ನಡೆಯುವಾಗ ಒಂದು ಕಪ್ಪು ಕಿಟಕಿ ಫಕ್ಕನೆ ಮಿಂಚಿ ಮಾಯವಾಗುತ್ತದೆ, ನೀವೂ ನೋಡಿರುತ್ತೀರಿ. ಆ ಕಿಟಕಿ ಸಿಸ್ಟಮ್ ಬಲದಲ್ಲಿ ತೆರೆದದ್ದು! ಅದು ಮುಚ್ಚದ ಹಾಗೆ ತಡೆದು ನಿಲ್ಲಿಸಿ, ಅದರ ಪ್ರಾಪರ್ಟೀಸ್ ತೆಗೆದರೆ ಅಲ್ಲೊಂದು ಸಹಾಯದ ಲಿಂಕ್. ಲಿಂಕ್ ಒತ್ತಿದರೆ ಬ್ರೌಸರ್ ತೆರೆಯುತ್ತದೆ, ಆ ಬ್ರೌಸರಿಗೂ ಸಿಸ್ಟಮ್ ಬಲವೇ. ಅಲ್ಲಿಂದ ಫೈಲ್ ತೆರೆಯುವ ಪೆಟ್ಟಿಗೆ, ಪೆಟ್ಟಿಗೆಯಿಂದ ಕಮಾಂಡ್ ಪ್ರಾಂಪ್ಟ್, ಅಂದರೆ ಟೈಪ್ ಮಾಡಿದ ಆಜ್ಞೆಯನ್ನು ಅದೇ ಸಿಸ್ಟಮ್ ಬಲದಲ್ಲಿ ನಡೆಸಿಕೊಡುವ ಕಿಟಕಿ. ಒಂದು ಸಾಲು ಕೋಡ್ ಬರೆಯದೆ, ಹೆಚ್ಚಿನದೆಲ್ಲ ಮೌಸಿನಲ್ಲೇ ಮುಗಿಯುವ ಕೆಲಸ. ಇದನ್ನು ನಿಜವಾದ ದಾಳಿಗಳಲ್ಲೂ ಬಳಸಿದ್ದಾರೆ ಅಂತ ಮೈಕ್ರೋಸಾಫ್ಟ್ ಒಪ್ಪಿಕೊಂಡಿತು.

ಇನ್ನೂ ಒಂದು ಉಂಟು. 2021ರ ಆಗಸ್ಟಿನಲ್ಲಿ ರೇಜರ್ ಕಂಪನಿಯ ಮೌಸ್ ಸಿಕ್ಕಿಸಿದರೆ ಸಾಕಿತ್ತು, ವಿಂಡೋಸ್ ತಾನೇ ಅದರ ಇನ್‌ಸ್ಟಾಲರ್ ತಂದು ಸಿಸ್ಟಮ್ ಬಲದಲ್ಲಿ ಓಡಿಸುತ್ತಿತ್ತು. ‘ಯಾವ ಫೋಲ್ಡರಿನಲ್ಲಿ ಹಾಕಲಿ’ ಅಂತ ಅದು ಕೇಳುವಾಗ ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿದರೆ ಪವರ್‌ಶೆಲ್ ಎಂಬ ಅಂಥದ್ದೇ ಆಜ್ಞೆಯ ಕಿಟಕಿ ಸಿಗುತ್ತಿತ್ತು. ಸುದ್ದಿಯಾದ ಮೇಲೆ ಕಂಪನಿ ಸರಿಮಾಡಲು ಹೊರಟಿತು.

ಇವೆಲ್ಲದರಲ್ಲೂ ಕಳ್ಳ ಮೊದಲು ಅಂಗಳದೊಳಗೆ ಬಂದಿರಬೇಕು. ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ಹೇಗಾದರೂ ಒಂದು ಪ್ರೋಗ್ರಾಂ ಓಡಿಸಿರಬೇಕು, ಇಲ್ಲವೇ ಅದರ ಮುಂದೆಯೇ ಕೂತಿರಬೇಕು. ಒಬ್ಬರೇ ಬಳಸುವ ಲ್ಯಾಪ್‌ಟಾಪಿಗಿಂತ ಡಿಟಿಪಿ ಅಂಗಡಿ, ಕಾಲೇಜಿನ ಲ್ಯಾಬ್ ಇಂಥ ಕಡೆ ಭಯ ಜಾಸ್ತಿ ಇರುವುದು ಅದಕ್ಕೇ. ಅಪ್‌ಡೇಟ್ ಬಂದಾಗ ‘ನಾಳೆ ಮಾಡುವಾ’ ಅಂತ ಮುಂದೂಡಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎನ್ನುವುದೂ ನೆನಪಿರಲಿ.

ಪ್ರಶ್ನೆ: ನಾನು ಉಪ್ಪಳದಲ್ಲಿ ಮನೆಗಳ ಪ್ಲ್ಯಾನ್ ಬರೆಯುವವನು. 2025ರ ಆಗಸ್ಟ್ ಅಪ್‌ಡೇಟ್ ಆದ ಮೇಲೆ ಆಟೋಕ್ಯಾಡ್ ತೆರೆಯುವಾಗ ಅಡ್ಮಿನ್ ಪಾಸ್‌ವರ್ಡ್ ಕೇಳಲು ಶುರುವಾಯಿತು. ತಲೆಬಿಸಿಯಾಗಿ ಅವತ್ತಿನಿಂದ ಅಪ್‌ಡೇಟನ್ನೇ ನಿಲ್ಲಿಸಿದ್ದೇನೆ. ಮಾಡಿದ್ದು ಸರಿಯಾ?

ಉತ್ತರ: ಸಿಟ್ಟು ಅರ್ಥವಾಗುತ್ತದೆ, ಮಾಡಿದ್ದು ಮಾತ್ರ ಸರಿಯಲ್ಲ. ಮೇಲೆ ಹೇಳಿದ ರಿಪೇರಿಯ ದಾರಿಯನ್ನು ಇನ್ನಷ್ಟು ಬಿಗಿ ಮಾಡಲು ಹೋಗಿ ಆದ ಎಡವಟ್ಟು ಅದು. ಕೆಲವು ಸಾಫ್ಟ್‌ವೇರ್‌ಗಳು ತೆರೆಯುವಾಗ ಹಿಂದಿನಿಂದ ಸದ್ದಿಲ್ಲದೆ ಎಂಎಸ್‌ಐ ರಿಪೇರಿ ನಡೆಸುತ್ತವೆ, ಅದಕ್ಕೂ ಪಾಸ್‌ವರ್ಡ್ ಕೇಳುವ ಹಾಗಾಯಿತು. ಮುಂದಿನ ತಿಂಗಳ ಅಪ್‌ಡೇಟಿನಲ್ಲಿ ಅದನ್ನು ಸಡಿಲಿಸಿದ್ದಾರೆ. ಅಪ್‌ಡೇಟ್ ಆನ್ ಮಾಡಿ, ಬಾಕಿ ಇದ್ದದ್ದೆಲ್ಲ ಬರಲಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಕೇರಳ ಸರಕಾರದ ಕೈಟ್ ಸಂಸ್ಥೆ ಕೊಟ್ಟ ಉಬುಂಟು ಇರುವುದು, ವಿಂಡೋಸ್ ಇಲ್ಲ. ನಮಗೆ ಈ ಗೊಡವೆ ಇಲ್ಲ ಅಲ್ವಾ? (ಕುಂಬಳೆ ಹತ್ತಿರದ ಕನ್ನಡ ಶಾಲೆಯ ಟೀಚರ್)

ಉತ್ತರ: ಇಲ್ಲ ಅಂತ ಹೇಳಲು ನನಗೂ ಆಸೆ, ಟೀಚರೇ. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಸ್ನ್ಯಾಪ್ ಎಂಬ ವ್ಯವಸ್ಥೆ ಉಂಟು. 2019ರಲ್ಲಿ ಅದರಲ್ಲೊಂದು ತಪ್ಪು ಸಿಕ್ಕಿತು. ತನ್ನ ಹತ್ತಿರ ಬಂದವರು ಯಾರು ಅಂತ ತಿಳಿಯಲು ಅದು ಒಂದು ಉದ್ದದ ಸಾಲನ್ನು ಓದುತ್ತಿತ್ತು. ಬಂದವರ ನಂಬರ್ ಅದರಲ್ಲಿರುತ್ತದೆ, ರೂಟ್ ಅಂದರೆ ಯಜಮಾನನ ನಂಬರ್ ಸೊನ್ನೆ. ಆದರೆ ಅದೇ ಸಾಲಿನ ಕೊನೆಗೆ ಬಂದವರೇ ಇಟ್ಟ ಒಂದು ಫೈಲಿನ ಹೆಸರೂ ಸೇರುತ್ತಿತ್ತು. ಆ ಹೆಸರಿನೊಳಗೇ ‘ನನ್ನ ನಂಬರ್ ಸೊನ್ನೆ’ ಅಂತ ಬರೆದಿಟ್ಟರೆ ಸ್ನ್ಯಾಪ್ ಕೊನೆಗೆ ಓದಿದ್ದನ್ನೇ ನಂಬಿ ಯಜಮಾನನ ಮರ್ಯಾದೆ ಕೊಡುತ್ತಿತ್ತು. ಮನೆಗೆ ‘ತಹಶೀಲ್ದಾರ್’ ಅಂತ ಹೆಸರಿಟ್ಟು, ಅರ್ಜಿಯ ವಿಳಾಸದಲ್ಲಿ ಬರೆದು, ವಿಲೇಜ್ ಆಫೀಸಿನಲ್ಲಿ ಕುರ್ಚಿ ಹಾಕಿಸಿಕೊಂಡ ಹಾಗೆ.

ಅದು ಆಗಲೇ ಸರಿಯಾಗಿದೆ, ಹೆದರಬೇಡಿ. ಆದರೆ ಲ್ಯಾಬಿನ ಲ್ಯಾಪ್‌ಟಾಪುಗಳು ರಜೆಯುದ್ದಕ್ಕೂ ಕಪಾಟಿನಲ್ಲೇ ಇರುತ್ತವಲ್ಲ, ಜೂನಿನಲ್ಲಿ ಮಕ್ಕಳ ಕೈಗೆ ಕೊಡುವ ಮೊದಲು ಒಮ್ಮೆ ನೆಟ್‌ಗೆ ಸಿಕ್ಕಿಸಿ ಅಪ್‌ಡೇಟ್ ಮಾಡಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದರೆ ಅದನ್ನೂ ಬದಲಿಸಿ. ಗೊತ್ತಿರುತ್ತದೆ.

ಪ್ರಶ್ನೆ: ಮ್ಯಾಕ್‌ನಲ್ಲಿ? (ಮಂಜೇಶ್ವರದ ಫೋಟೋಗ್ರಾಫರ್)

ಉತ್ತರ: ಅಲ್ಲಿಯೂ ಉಂಟು ಮಾರಾಯ್ರೇ. ಕೆಲವು ಪ್ಯಾಕೇಜುಗಳ ಇನ್‌ಸ್ಟಾಲ್ ಸ್ಕ್ರಿಪ್ಟ್ ರೂಟ್ ಬಲದಲ್ಲಿ ಓಡುವಾಗ ನಿಮ್ಮ ಹೋಮ್ ಫೋಲ್ಡರಿನ ಒಂದು ಸೆಟ್ಟಿಂಗ್ ಫೈಲನ್ನೂ ಜೊತೆಗೆ ಓದುತ್ತಿತ್ತು. ಆ ಫೈಲಿನಲ್ಲಿ ಯಾರಾದರೂ ಮೊದಲೇ ಏನಾದರೂ ಬರೆದಿಟ್ಟಿದ್ದರೆ, ನೀವು ಒಳ್ಳೆಯ ಸಾಫ್ಟ್‌ವೇರ್ ಹಾಕಿ ಪಾಸ್‌ವರ್ಡ್ ಕೊಟ್ಟ ಕೂಡಲೇ ಅದೂ ರೂಟ್ ಆಗಿ ಓಡುತ್ತಿತ್ತು. 2024ರ ಮೇ ತಿಂಗಳಲ್ಲಿ ಬಂದ ಮ್ಯಾಕ್‌ಒಎಸ್ 14.5ರಲ್ಲಿ ಸರಿಮಾಡಿದ್ದಾರೆ. ಮೂಲೆಯ ಸೇಬು ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ನೋಡಿ, ನಿಮ್ಮದು ಎಷ್ಟನೇ ನಂಬರ್ ಅಂತ ಬರೆದು ಕಳಿಸಿ.